ಗೊಂಡ್ಯಾನ ಹೆಸರಿಗೆ

ಮೊದಲನೇ ಸಲ ಕಾಲಿಗೆ ಹತ್ತಿದ್ದು ನನಗ.
ನಸುಕಿನ್ಯಾಗ ಒಲಿ ಹಚ್ಚಾಕ ಎದ್ದಾಕಿ
ಪಡಸಾಲಿ ದಾಟೂವಾಗ ಪರಸಿ ಒದ್ದಿ.
ನೀರಲ್ಲ. ಇನ್ನೂ ಬೆಚ್ಚಗಿತ್ತು.
ಅದರ ಮ್ಯಾಲೇ ಗೊಂಡ್ಯಾ,
ಮೂತಿ ಮುಂಗಾಲಿಗೆ ಹಚ್ಚಿ, ಹೊಟ್ಟಿ ಹಸಿ ಮಾಡಿಕೊಂಡು.

ಆರು ವರ್ಷದ ನಾಯಿ.
ಯಾರದೋ ಸೆರಗಿನ ಗೊಂಡೆ ಕಚ್ಚಿಕೊಂಡು
ನಮ್ಮ ಮನಿ ಹೊಕ್ಕಿದ್ದಕ್ಕ ಆ ಹೆಸರು.
ರೀತಿ ಕಲಿಸಿದಾಕಿ ನಮ್ಮ ಅತ್ತಿ:
ಉಂಡ ಕೂಡಲೆ ಎತ್ತಿಕೊಂಡು ಬೇವಿನ ಗಿಡದ ಬುಡಕ್ಕ,
"ಹೂಂ, ಆತೇನು? ಆತು, ಶಾಣ್ಯಾ" ಅಂತ
ಒಂದು ಚೂರು ರೊಟ್ಟಿ. ಎಂಟು ದಿನದಾಗ ಕಲಿತ.
ಆಮ್ಯಾಲೆ ಒಂದು ಹನಿ ಒಳಗ ಬಿದ್ದಿದ್ದಿಲ್ಲ,
ಮಗ್ಗದ ಕುಣಿ ಹತ್ತಿರಂತೂ ಸುಳಿದಾಂವಲ್ಲ.

ಬುಧವಾರ ಮತ್ತ. ಶುಕ್ರವಾರ ಮತ್ತ.
ಗುಳೇದಗುಡ್ಡದ ನಮ್ಮ ಓಣಿ ತುಂಬ ವೈದ್ಯರು.
ಮೂಗು ಹಿಡಿದು ಅದರಾಗ ಉಜ್ಜು ಅಂದಳು ಪಾರಕ್ಕ.
ಘಾಸಲೇಟ ವರಸು ಅಂದ ಕಿರಾಣಿ ಮುದಕಪ್ಪ.
ಬಾಜೂ ಮನಿಯಾಗ ಪಾವರಲೂಮ್ ಬಂದೈತಿ,
ಅದರ ಸಪ್ಪಳಕ್ಕ ಅಂಜಾಕತೈತಿ ಅಂದ ನನ್ನ ಗಂಡ,
ಅಂಜಿದಾಂವ ತಾನ ಅಂತ ಅವಗ ಗೊತ್ತಿಲ್ಲ.

ಬಾದಾಮಿ ಡಾಕ್ಟರು ಶೀಶೆದಾಗ ಹಿಡಕೊಂಡು ಬಾ ಅಂದರು.
ಹೆಂಗ ಹಿಡದೆ ಅಂತ ಕೇಳಬ್ಯಾಡರಿ.
ಸೌಟು ಹಿಡಕೊಂಡು ಗಿಡದ ಸುತ್ತ ನಾನು,
ನಾಚಿಕೊಂಡು ಮುಂದ ಮುಂದ ಅಂವ.
ಹರಳಿಲ್ಲ, ಸೋಂಕಿಲ್ಲ, ಸಕ್ಕರಿ ಇಲ್ಲ.
"ನಾಯಿ ಗಟ್ಟಿ ಐತಿ" ಅಂದು ಮುನ್ನೂರಾ ಐವತ್ತು ತಗೊಂಡರು.

ಹಂಗಾರ ಸೊಕ್ಕು, ಅಂದ ಗಂಡ.
ಸೊಕ್ಕಿಗೆ ಔಷಧ ಎಲ್ಲಾರ ಮನಿಯಾಗೂ ಇರತೈತಿ.
ಸವೆದ ಲಾಳಿ ಬೀಸಿ ಒಗೆದ, ಬೆನ್ನಿಗೆ ಬಡೀತು.
ಗೊಂಡ್ಯಾ ಒದರಲಿಲ್ಲ.
ರಾಟಿ ಮುಂದ ಕುಂತ ಅತ್ತಿ
ಕಂಡಿಕಿ ಸುತ್ತೂದು ನಿಲ್ಲಿಸಿ, ಬಾಯಿ ತೆರೆದು,
ಮುಚ್ಚಿ,
ಹರಿದ ಎಳಿ ಹುಡುಕೂಹಂಗ ಮಾಡಿದಳು.
ಎಳಿ ಹರಿದಿದ್ದಿಲ್ಲ.

ಆ ರಾತ್ರಿ ನಾಯಿ ಹೊರಗ. ಅಗಳಿ ಜಡಿದ.
ರಾತ್ರೆಲ್ಲಾ ಬಾಗಲಾ ಕೆರೀತು ಅದು.
ನಸುಕಿನ್ಯಾಗ ಎದ್ದೆ.
ಪರಸಿ ಒದ್ದಿ ಇತ್ತು.

ನಿಂತೆ. ಎಷ್ಟೊತ್ತು ನಿಂತೆನೋ.
ಅತ್ತಿ ಹಾಸಿಗಿಯಿಂದ ಹಿತ್ತಲ ಬಾಗಲಕ್ಕ ಎಂಟು ಹೆಜ್ಜಿ.
ಐದನೇದಕ್ಕ ಸೋತಿತ್ತು.
ಆಕಿ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದಳು,
ನಿದ್ದಿ ಬಂದವರು ಅಷ್ಟು ಸುಮ್ಮನ ಮಲಗೂದಿಲ್ಲ,
ಸೀರಿ ದಡಿ ಮಣಕಾಲ ಕೆಳಗ ಒತ್ತಿ ಹಿಡಿದು.
ನಾನು ಈ ಮನಿಗೆ ಬಂದ ಹೊಸತಿನ್ಯಾಗ
ಬಚ್ಚಲ ಹೊರಗ ಒಂದು ಹನಿ ಚೆಲ್ಲಿದರೂ
ಕಣ್ಣಾಗ ಕಣ್ಣಿಟ್ಟು ನೋಡುತಿದ್ದಾಕಿ.

ಏನನ್ನಬೇಕಿತ್ತು?
ಬಾಗಲಾ ತೆಗೆದೆ. ಗೊಂಡ್ಯಾ ನನ್ನ ಕಾಲು ದಾಟಿ
ಸೀದಾ ಹೋಗಿ ಹಸಿ ಪರಸಿ ಮ್ಯಾಲೆ ಬಿದ್ದ,
ದಿನದ ಕೆಲಸಕ್ಕ ಹಾಜರಾದಾಂವನಂಗ.

ಅವತ್ತಿಂದ ನಾನು ಸುಳ್ಳು ಕಲಿತೀನಿ.
ಹಾಸಿಗಿ ಹಿತ್ತಲ ಕಡೆ ಸರಿಸೀನಿ, "ಅಲ್ಲಿ ಗಾಳಿ ಚಲೋ."
ಬಾಜೂಕ ಒಂದು ಹಳೇ ಬಕೀಟು, "ಹಿತ್ತಲದಾಗ ಚೇಳು ಕಂಡಿತ್ತು."
ಬರೂ ಸೋಮವಾರ ಬಾಗಲಕೋಟಿ ದವಾಖಾನಿ,
ಗಂಡನ ಮುಂದ, "ಮಣಕಾಲ ನೋವಿಗೆ."

ಆದರೂ ಒಮ್ಮೊಮ್ಮೆ ಹಸಿ.
ಆಗ ಓಣಿಗೆ ಕೇಳೂಹಂಗ ಬೈತೀನಿ:
"ಲೇ ಗೊಂಡ್ಯಾ, ಬುದ್ಧಿ ಎಂದು ಬರತೈತಿ ನಿನಗ!"
ಅಂವ ಪರಸಿಗೆ ಬಾಲ ಬಡೀತಾನ, ಟಪ್ ಟಪ್.
ವರಸಿ ತಲಿ ಎತ್ತಿದರ
ಅತ್ತಿ ತನ್ನ ತಾಟಿನ ರೊಟ್ಟಿ ಮುರಿದು,
ತುಪ್ಪ ಹಚ್ಚಿದ ಕಡೀದು,
ಮಣಕಾಲ ಸಂದಿಯಿಂದ ಅವಗ ಕೊಡತಿರತಾಳ.
"ಆತು, ಶಾಣ್ಯಾ."
ನಾನು ಕಂಡಿಲ್ಲ ಅನ್ನೂದು
ಮೂರೂ ಮಂದಿಗೆ ಗೊತ್ತು.